ಅಯ್ನೋರ ಹಿಂದೆ ಇಳಿದ ದಿಬ್ಬಣ

ಗುರುಗಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯುವವನಿಗೆ ಇಹದಲ್ಲಾಗಲಿ ಪರದಲ್ಲಾಗಲಿ ದಾರಿ ತಪ್ಪುವ ಭಯವಿಲ್ಲ ಎಂದು ಹಿರಿಯರು ಹೇಳುತ್ತಾರೆ. ಪರದ ವಿಚಾರ ನನಗೆ ಇನ್ನೂ ಗೊತ್ತಿಲ್ಲ. ಇಹದಲ್ಲಿ, ದಾವಣಗೆರೆಗೂ ಹರಿಹರಕ್ಕೂ ನಡುವೆ, ಹಾಗೆ ಹೆಜ್ಜೆಯಿಟ್ಟೇ ನಾನು ದಾರಿ ತಪ್ಪಿದ್ದುಂಟು. ಒಬ್ಬನೇ ಅಲ್ಲ, ನನ್ನದೇ ಮದುವೆಯ ದಿಬ್ಬಣದ ಜೊತೆ, ಹಾರ್ಮೋನಿಯಂ ಸಮೇತ.

ದಾವಣಗೆರೆ ಹೊಸದಾಗಿ ಜಿಲ್ಲೆಯಾಗಿದ್ದ ಕಾಲ ಅದು. ಇನ್ನು ಮೇಲೆ ಪ್ರತಿಯೊಂದು ಸಹಿಗೂ ಚಿತ್ರದುರ್ಗದ ಬಸ್ಸು ಹತ್ತಬೇಕಾಗಿಲ್ಲವೆಂದು ಊರಿಗೆ ಊರೇ ಎದೆಯುಬ್ಬಿಸಿ ಓಡಾಡುತ್ತಿತ್ತು. ನಾನು ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ವಯಸ್ಸು ಮೂವತ್ತನಾಲ್ಕು. ಊರಿಗೆ ಬಂದ ಭಾಗ್ಯ ನನಗಿನ್ನೂ ಬಂದಿರಲಿಲ್ಲ, ಅಂದರೆ ಮದುವೆಯಾಗಿರಲಿಲ್ಲ.

ನಮ್ಮ ಚರ್ಚಿನ ಸಭೆಯಲ್ಲಿ ಪಾದ್ರಿಗಳನ್ನು ಯಾರೂ ಪಾದ್ರಿಗಳು ಅನ್ನುತ್ತಿರಲಿಲ್ಲ, ಅಯ್ನೋರು ಅನ್ನುತ್ತಿದ್ದೆವು. ಅಯ್ನೋರ ವಿಷಯದಲ್ಲಿ ಎಲ್ಲೂ ಬರೆದಿಡದ, ಆದರೆ ಬರೆದಿಟ್ಟದ್ದಕ್ಕಿಂತ ಬಿಗಿಯಾದ ಕೆಲವು ಕಟ್ಟಳೆಗಳಿದ್ದವು. ಅಯ್ನೋರು ಎದ್ದರೆ ಏಳಬೇಕು. ಅವರು ಕೂತ ಮೇಲೆ ಕೂರಬೇಕು. ಅವರಿಗಿಂತ ಮುಂದೆ ನಡೆಯಬಾರದು, ಹಿಂದಿನಿಂದ ಕೂಗಿ ಕರೆಯಬಾರದು, ಬೆನ್ನು ತೋರಿಸಿ ಕೂರಬಾರದು. ಈ ಕಟ್ಟಳೆಗಳ ಕಾವಲಿಗೆ ನಮ್ಮ ಅವ್ವ ಇದ್ದಳು. ಒಮ್ಮೆ ಸಭಾ ಕಮಿಟಿ ಕೂತಿದ್ದಾಗ ಮಳೆ ಬಂದು, ಕಿಟಕಿ ಮುಚ್ಚಲು ಅಯ್ನೋರು ಎದ್ದರು. ಕಮಿಟಿಯೂ ಎದ್ದಿತು. ಅವರು ಮುಚ್ಚಿ ಕೂತರು, ಕಮಿಟಿ ಕೂತಿತು. ಗಾಳಿಗೆ ಕಿಟಕಿ ಮತ್ತೆ ತೆರೆಯಿತು. ಅಯ್ನೋರು ಎದ್ದರು, ಕಮಿಟಿ ಎದ್ದಿತು. ಹೀಗೆ ನಾಲ್ಕಾರು ಸಲ ಆದ ಮೇಲೆ ಅಯ್ನೋರು ಕಿಟಕಿಯನ್ನು ದೇವರ ಚಿತ್ತಕ್ಕೆ ಬಿಟ್ಟು ಸುಮ್ಮನೆ ನೆನೆದರು. ನಾವೂ ಭಕ್ತಿಯಿಂದ ನೆನೆದೆವು.

ನಗುವ ವಿಷಯವೇ ಇದು, ನಾನೂ ನಗುತ್ತೇನೆ. ಆದರೆ ಅವ್ವ ಅವರನ್ನು ಕಂಡೊಡನೆ ಎದ್ದು ನಿಲ್ಲುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮ ಅಪ್ಪ ಹತ್ತಿ ವ್ಯಾಪಾರಿಗಳ ಬಳಿ ಲೆಕ್ಕ ಬರೆದು ಮುದುಕರಾದವರು. ಕಡೆಗಾಲದಲ್ಲಿ ಆಸ್ಪತ್ರೆಯಲ್ಲಿ ಮಲಗಿದಾಗ ಈ ಅಯ್ನೋರು ದಿನವೂ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಕರಾವಳಿ ಕಡೆಯವರು, ತೆಳ್ಳನೆಯ ಆಳು. ಮಾತು ಅಚ್ಚಿನ ಮನೆಯಿಂದ ಆಗಷ್ಟೇ ಬಂದಂತೆ. ಮೊದಲ ದಿನ, "ಯಾವ ಭಾಗ ಓದಲಿ?" ಎಂದು ಕೇಳಿದರು. ಅಪ್ಪ ಕಣ್ಣು ಮುಚ್ಚಿಕೊಂಡೇ, "ಹತ್ತಿ ಧಾರಣೆ ಓದ್ರಿ ಅಯ್ನೋರೇ" ಅಂದರು. ಅಯ್ನೋರು ಎರಡನೇ ಮಾತಿಲ್ಲದೆ ಪೇಪರು ತರಿಸಿ, ಪೀಠದ ಮೇಲೆ ನಿಂತು ಓದುವ ಅದೇ ದನಿಯಲ್ಲಿ ಮಾರುಕಟ್ಟೆಯ ಧಾರಣೆಯನ್ನು ಸಾಲು ಸಾಲಾಗಿ ಓದಿದರು. ಆಮೇಲೆ ಪ್ರಾರ್ಥನೆ ಮಾಡಿದರು. ಅಪ್ಪ ಇರುವವರೆಗೂ ಅದೇ ಕ್ರಮ ನಡೆಯಿತು. ಅಂಥವರು ಎದ್ದಾಗ ಏಳದೆ ಕೂತಿರು ಎಂದು ಅವ್ವನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಅಪ್ಪನ ಕಾಯಿಲೆಯಿಂದ ನನ್ನ ಮದುವೆ ಒಂದು ಸಲ ಮುಂದಕ್ಕೆ ಹೋಗಿತ್ತು, ಅಪ್ಪ ತೀರಿಕೊಂಡದ್ದರಿಂದ ಇನ್ನೊಂದು ಸಲ. ಹುಡುಗಿ ಹರಿಹರದವಳು. ಅವಳ ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಅವಳು ಪ್ರೈಮರಿ ಶಾಲೆಯ ಟೀಚರು. ಎರಡನೇ ಸಲ ಮುಂದಕ್ಕೆ ಹೋದಾಗ ನಮ್ಮ ಸೋದರಮಾವನ ಕೈಲಿ ಹೇಳಿ ಕಳಿಸಿದ್ದಳು: "ನಿಮ್ಮ ಅಳಿಯಗೆ ಹೇಳ್ರಿ. ಎರಡು ಸಲ ನಾ ಏನೂ ಅಂದಿಲ್ಲ, ಕಾರಣ ಇತ್ತು. ಮೂರನೇ ಸಲ ಮುಂದಕ್ಕೆ ಹೋತು ಅಂದ್ರ, ಇನ್ನೊಂದು ಮನಿಯೋರು ಕೇಳ್ಯಾರೆ, ನಮ್ಮಪ್ಪ ಹೂಂ ಅಂತಾನೆ, ನಾನೂ ಬ್ಯಾಡ ಅನ್ನಂಗಿಲ್ಲ."

ಮೂರನೇ ಸಲ ದಿನ ಗೊತ್ತುಮಾಡಿದರು, ಹರಿಹರದ ಚರ್ಚಿನಲ್ಲಿ; ಆ ಚರ್ಚಿಗೂ ನಮ್ಮ ಅಯ್ನೋರೇ ಅಯ್ನೋರು. ಮಂಗಳವಾರ. ಮರುದಿನವೇ ಬೂದಿ ಬುಧವಾರ. ಅಲ್ಲಿಂದ ಈಸ್ಟರ್‌ವರೆಗೆ ಉಪವಾಸ ಕಾಲ. ಆ ದಿನಗಳಲ್ಲಿ ನಮ್ಮ ಅಯ್ನೋರು ಮದುವೆ ಮಾಡಿಸುವುದಿರಲಿ, ಮದುವೆಯ ಮಾತನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕಾರ್ಖಾನೆಯ ಜನ ಪಾಳಿ ಮುಗಿಸಿ ಬರಲಿ ಎಂದು ಹೆಣ್ಣಿನ ಕಡೆಯವರು ಸಂಜೆ ಐದಕ್ಕೆ ಇಟ್ಟಿದ್ದರು. ಅಯ್ನೋರು ಒಪ್ಪಿ, ಬೆರಳೆತ್ತಿ ಹೇಳಿದ್ದರು: "ಏಳು ಗಂಟೆಯ ನಂತರ ಮದುವೆ ಮಾಡಿಸಲು ಕಾನೂನಿನಲ್ಲಿ ಇಲ್ಲ. ಏಳೂ ಒಂದಕ್ಕೆ ಬಂದರೆ ನಾನು ಪ್ರಾರ್ಥನೆ ಮಾಡಿ ಮನೆಗೆ ಕಳಿಸುತ್ತೇನೆ, ಅಷ್ಟೇ." ಅವರು ಹಾಗೆಯೇ ಮಾಡುವವರೆಂದು ಎರಡೂ ಊರಿಗೆ ಗೊತ್ತಿತ್ತು.

ನಾವು ಮೆಟಡೋರ್ ಗೊತ್ತುಮಾಡಿದ್ದೆವು. ಅಯ್ನೋರು ಹಿಂದಿನ ಭಾನುವಾರ ಮಾತಿಗೆ, "ಇಷ್ಟು ಹತ್ತಿರಕ್ಕೆ ವ್ಯಾನು ಯಾಕೆ? ರೈಲು ಉಂಟಲ್ಲ, ನಾನೂ ಅದರಲ್ಲೇ ಬರುತ್ತೇನೆ" ಅಂದರು. ಆ ಸಂಜೆಯೇ ಅವ್ವ ಮೆಟಡೋರಿನವನಿಗೆ ಬ್ಯಾಡ ಎಂದು ಹೇಳಿ ಬಂದಳು.

ಮಂಗಳವಾರ ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ವಾಡಿಕೆಯಂತೆ ತಡವಾಗಿ ಬಂತು. ನಾನು ಕೋಟು ಹಾಕಿ, ಬೆವರಿ, ಹಾರವನ್ನು ಬಾಳೆ ಎಲೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟು ಕೂತೆ. ದಿಬ್ಬಣ ಒಂದೇ ಡಬ್ಬಿ ಹಿಡಿದಿತ್ತು, ಡಬ್ಬಿಯೊಳಗೆ ಜಾತ್ರೆ. ಸೋದರಮಾವ ಹಾರ್ಮೋನಿಯಂ ತೆಗೆದು ಶ್ರುತಿ ನೋಡುತ್ತಿದ್ದ. ಅದು ಸರಿಯಿದ್ದರೂ ನೋಡುತ್ತಿದ್ದ. ಚಿಕ್ಕಮ್ಮಂದಿರು ಅಯ್ನೋರಿಗೆ ಚಕ್ಕುಲಿ ಕೊಟ್ಟರು, ಆಮೇಲೆ ಮಂಡಕ್ಕಿ, ಆಮೇಲೆ ಬಾಳೆಹಣ್ಣು, ಆಮೇಲೆ ಚಕ್ಕುಲಿ ಯಾಕೆ ತಿನ್ನಲಿಲ್ಲ ಎಂಬ ವಿಚಾರಣೆ. ಅವರು ಮದುವೆಯಲ್ಲಿ ಮಾಡಬೇಕಾದ ಉಪದೇಶದ, ಅಂದರೆ ಪ್ರಸಂಗದ, ಹಾಳೆ ತೆಗೆದು ಮೂಗಿನ ಹತ್ತಿರ ಹಿಡಿದು ಓದಲು ನೋಡಿದರು. ಹಾರ್ಮೋನಿಯಂ ಕುಂಯ್ ಅಂದಿತು. ಹಾಳೆ ಮಡಿಸಿದರು. ಮತ್ತೆ ಬಿಚ್ಚಿದರು. ಚಕ್ಕುಲಿ ಬಂತು.

ನಡುವಿನ ಒಂದು ಸಣ್ಣ ನಿಲ್ದಾಣದಲ್ಲಿ, ಎದುರು ಗಾಡಿಗೆ ದಾರಿ ಬಿಡಲು ನಮ್ಮ ಗಾಡಿ ನಿಂತಿತು. ಅಯ್ನೋರು ಎದ್ದರು. ನಿಲುವಂಗಿಯ ಚೀಲ ಹೆಗಲಿಗೆ ಹಾಕಿಕೊಂಡು, ಯಾರಿಗೂ ಏನೂ ಹೇಳದೆ ಇಳಿದುಹೋದರು.

ಅವ್ವ ಎದ್ದು ನಿಂತಳು. "ಏಳ್ರಿ ಎಲ್ಲಾ! ಅಯ್ನೋರು ಇಳಿದ್ರು!"

"ಇಷ್ಟು ಜಲ್ದಿ ಹರಿಹರ ಬಂತೇನಕ್ಕಾ?" ಎಂದ ಸೋದರಮಾವ.

"ಅಯ್ನೋರು ಇಳಿದ ಮ್ಯಾಲೆ ಬಂದಂಗೇ."

"ಅವ್ವಾ, ಇದು ಹರಿಹರ ಅಲ್ಲ. ಹೊಳಿ ಎಲ್ಲೈತಿ, ಊರೆಲ್ಲೈತಿ? ಹೊರಗ ಬರೇ ಹೊಲ ಅದಾವ" ಎಂದೆ ನಾನು.

"ನಿನಗ ಗೊತ್ತೈತಿ, ಅಯ್ನೋರಿಗೆ ಗೊತ್ತಿಲ್ಲೇನು? ಮದುಮಗ ಬಾಯಿ ಮುಚ್ಚಿಕೊಂಡಿರಬೇಕು. ಇಳಿ!"

ಇಳಿದೆವು. ಹಾರ ಇಳಿಯಿತು, ಸೀರೆಯ ಟ್ರಂಕು ಇಳಿಯಿತು, ಹಾರ್ಮೋನಿಯಂ ಇಳಿಯಿತು, ಚಕ್ಕುಲಿಯ ಡಬ್ಬ ಇಳಿಯಿತು. ಕಡೆಯ ಚಿಕ್ಕಮ್ಮ ಕಾಲು ನೆಲಕ್ಕಿಡುವುದಕ್ಕೂ ಗಾಡಿ ಸಿಳ್ಳೆ ಹಾಕುವುದಕ್ಕೂ ಸರಿಹೋಯಿತು. ಆಗ ನಾವು ಅಯ್ನೋರೆಲ್ಲಿ ಎಂದು ತಿರುಗಿ ನೋಡಿದೆವು.

ಅವರು ಪಕ್ಕದ ಡಬ್ಬಿಯ ಕಿಟಕಿಯಲ್ಲಿ ಕೂತಿದ್ದರು. ನಮ್ಮ ಗದ್ದಲ ತಾಳದೆ, ನೆಮ್ಮದಿಯಾಗಿ ಪ್ರಸಂಗ ಓದಿಕೊಳ್ಳಲು ಖಾಲಿ ಡಬ್ಬಿಗೆ ಜಾಗ ಬದಲಿಸಿದ್ದರು, ಅಷ್ಟೇ. ಕಣ್ಣಿಗೆ ಓದುವ ಕನ್ನಡಕ. ಪ್ಲಾಟ್‌ಫಾರಂ ಮೇಲೆ ಕೈಮುಗಿದು ನಿಂತ ಒಂದಷ್ಟು ಮಸುಕು ಮಸುಕಾದ ಜನ ಅವರಿಗೆ ಕಂಡಿರಬೇಕು. ಅಭ್ಯಾಸಬಲದಿಂದ ಕೈಯೆತ್ತಿ ಆಶೀರ್ವದಿಸಿದರು. ಗಾಡಿ ಹೊರಟುಹೋಯಿತು.

"ಅಯ್ನೋರೇ ಅಂತ ಒಂದು ಸಲ ಕೂಗಿದ್ರೆ ಆಗ್ತಿರಲಿಲ್ಲವಾ?" ಎಂದೆ ನಾನು.

"ಅಯ್ನೋರನ್ನ ಕೂಗ್ತಾರೇನೋ?" ಎಂದಳು ಅವ್ವ. ಆದರೆ ಅವಳ ಮುಖದ ಬಣ್ಣ ಇಳಿದಿತ್ತು.

ಸ್ಟೇಷನ್ ಮಾಸ್ತರರು ಹೊರಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಈ ನಿಲ್ದಾಣದಲ್ಲಿ ದಿಬ್ಬಣ ಇಳಿದದ್ದು ಅವರ ಸರ್ವಿಸಿನಲ್ಲಿ ಇದೇ ಮೊದಲಿರಬೇಕು. "ಮುಂದಿನ ಗಾಡಿ ಎಂಟರ ಮ್ಯಾಲ್ರಿ. ಹೊಲದಾಗ ಹಾದು ಹೋದ್ರೆ ದೊಡ್ಡ ರಸ್ತೆ ಸಿಗ್ತೈತೆ, ಬಿರಬಿರ ನಡೀರಿ" ಅಂದರು.

ನಡೆದೆವು ಎನ್ನುವುದು ಮರ್ಯಾದೆಯ ಮಾತು, ಓಡಿದೆವು. ಗದ್ದೆಯ ಬದುವಿನ ಮೇಲೆ ಒಬ್ಬರ ಹಿಂದೊಬ್ಬರು, ಮುಂದೆ ಸೀರೆಯ ಟ್ರಂಕು, ಹಿಂದೆ ಕೋಟಿನ ನಾನು, ನನ್ನ ಹಿಂದೆ ಹಾರ್ಮೋನಿಯಂ ತಲೆಯ ಮೇಲೆ ಹೊತ್ತ ಸೋದರಮಾವ. ದೊಡ್ಡ ರಸ್ತೆ ಮುಟ್ಟಿದಾಗ ಐದು ದಾಟಿತ್ತು. ಬಸ್ಸುಗಳು ಬಂದವು, ನಮ್ಮ ಸಂಖ್ಯೆ ನೋಡಿದವು, ಹೋದವು. ಒಬ್ಬ ಕಂಡಕ್ಟರ್ ಬಾಗಿಲಲ್ಲಿ ಜೋತು, "ಮದುಮಗನೊಬ್ಬ ಬೇಕಾದ್ರೆ ಹತ್ತಲಿ!" ಎಂದ. ನಾನು ಕಾಲೆತ್ತಿದೆ. ಅವ್ವ ಕೋಟು ಹಿಡಿದೆಳೆದಳು: "ಮದುಮಗ ಒಬ್ಬನೇ ಹೋದ್ರೆ ಓಡಿಬಂದೋನು ಅಂತಾರೆ!"

ಕಡೆಗೆ ನಿಂತದ್ದು ಒಂದು ಟ್ರ್ಯಾಕ್ಟರ್. ದಾವಣಗೆರೆಯ ಗಿರಣಿಗೆ ಭತ್ತ ಹಾಕಿ ಖಾಲಿ ಟ್ರೇಲರ್ ಹೊಡೆದುಕೊಂಡು ಮಲೆಬೆನ್ನೂರಿನ ಕಡೆ ಹೊರಟಿದ್ದ ರೈತ. ಹಣೆಯಲ್ಲಿ ವಿಭೂತಿ, ಹೆಗಲಲ್ಲಿ ಟವಲ್ಲು.

"ಏನ್ರಿ ಇದು, ಕೋಟು ಹಾಕ್ಕೊಂಡು ರಸ್ತ್ಯಾಗ ನಿಂತೀರಿ?"

ಸೋದರಮಾವ ಉಸಿರು ಹಿಡಿದು ಎಲ್ಲ ಹೇಳಿದ: ಅಯ್ನೋರು ಎದ್ದದ್ದು, ಇಳಿದದ್ದು, ನಾವು ಇಳಿದದ್ದು, ಅವರು ಹೋದದ್ದು, ಏಳು ಗಂಟೆಯ ಕಾನೂನು. ರೈತ ಗಂಭೀರವಾಗಿ ತಲೆಯಾಡಿಸಿದ.

"ಬರೋಬ್ಬರಿ ಮಾಡೀರಿ. ನಮ್ಮ ಮಠದಾಗೂ ಅಷ್ಟೇರಿ, ಸ್ವಾಮಿಗೋಳು ಎದ್ರಂದ್ರೆ ಒಬ್ಬರೂ ಕೂಡ್ರಂಗಿಲ್ಲ." ಒಂದು ಕ್ಷಣ ತಡೆದು ಹೇಳಿದ: "ಆದ್ರೆ ರೈಲಿಂದ ಇಳಿಯಂಗಿಲ್ಲ ಬಿಡ್ರಿ. ಹತ್ರಿ ಹತ್ರಿ, ಕೂಡ್ರಿ! ಅಯ್ನೋರಿಲ್ಲದ ಮದುವಿ ಹೆಂಗಾಗ್ತೈತಿ? ಅದಕ್ಕಿಂತ ಮದುಮಗನಿಲ್ಲದ ಮದುವಿ ಹೆಂಗಾಗ್ತೈತಿ?"

ಟ್ರೇಲರಿನ ತಳದಲ್ಲಿ ಭತ್ತದ ಹೊಟ್ಟು, ಮೂಲೆಯಲ್ಲಿ ಖಾಲಿ ಚೀಲಗಳು. ಕೂತೆವು, ಜಿಗಿದೆವು, ಮತ್ತೆ ಕೂತೆವು. ರಸ್ತೆಯ ಗುಂಡಿಗಳೇ ನಮ್ಮನ್ನು ಎಬ್ಬಿಸಿ ಕೂರಿಸುತ್ತಿದ್ದವು. ರೈತ ಆ ಗಾಡಿಗೆ ಗೊತ್ತಿಲ್ಲದ ವೇಗವನ್ನು ಅದಕ್ಕೆ ಕಲಿಸಿದ. ಗಾಳಿಗೆ ಅವ್ವನ ಸೆರಗು ಬಾವುಟದಂತೆ ಹಾರಿತು. ಭಯದಲ್ಲಿ ನನಗೆ ಏನೋ ಒಂಥರ ಖುಷಿಯೂ ಹತ್ತಿತು. ಮೂವತ್ತನಾಲ್ಕು ವರ್ಷ ಯಾವುದಕ್ಕೂ ಓಡಿರದ ನಾನು, ಇವತ್ತು ಒಬ್ಬಳಿಗಾಗಿ ಇಷ್ಟು ಜೋರಾಗಿ ಹೋಗುತ್ತಿದ್ದೇನಲ್ಲ ಎಂದು ಟ್ರೇಲರಿನ ಅಂಚು ಹಿಡಿದು ಮುಂದಕ್ಕೆ ಬಾಗಿದೆ.

ಅಷ್ಟರಲ್ಲಿ ಚಿಕ್ಕಮ್ಮ ಚೀರಿದಳು: "ಅಗೋ! ಅಯ್ನೋರು!"

ಎದುರಿನಿಂದ ಒಂದು ಸ್ಕೂಟರು ಬರುತ್ತಿತ್ತು. ಮುಂದೆ ನನ್ನ ಆಗಬೇಕಾಗಿದ್ದ ಮಾವ, ಹಿಂದೆ ಚೀಲ ಅಪ್ಪಿಕೊಂಡ ಅಯ್ನೋರು. ಹರಿಹರದಲ್ಲಿ ಇಳಿದು ಹಿಂತಿರುಗಿ ನೋಡಿದಾಗ ಅವರ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲವಂತೆ. ತಾವು ಆಶೀರ್ವದಿಸಿದ ಮಸುಕು ಜನ ನಾವೇ ಎಂದು ಆಗ ಹೊಳೆದು, ಕಳೆದುಹೋದ ನಮ್ಮನ್ನು ಹುಡುಕಿಕೊಂಡು ಆ ನಿಲ್ದಾಣಕ್ಕೇ ಹೊರಟಿದ್ದರು. ಇಬ್ಬರ ಕಣ್ಣೂ ಬಸ್ಸುಗಳ ಮೇಲಿತ್ತು. ಮದುಮಗ ಭತ್ತದ ಟ್ರೇಲರಿನಲ್ಲಿ ಬರುತ್ತಾನೆಂದು ಯಾರು ಎಣಿಸಿಯಾರು? ನಾವು ಎದ್ದು ಕೈಬೀಸುವಷ್ಟರಲ್ಲಿ ಸ್ಕೂಟರು ನಮ್ಮನ್ನು ಹಾದುಹೋಯಿತು.

"ಕೂಗ್ರೋ!" ಎಂದ ಸೋದರಮಾವ. "ಸಿಳ್ಳೆ ಹೊಡೀರೋ!"

"ಖಬರ್ದಾರ್!" ಎಂದಳು ಅವ್ವ. "ಅಯ್ನೋರಿಗೆ ಸಿಳ್ಳೆ? ಹಾಡ್ರಿ! ಕೀರ್ತನೆ ಹಾಡ್ರಿ! ಕೀರ್ತನೆ ಕೇಳಿದ್ರೆ ಅವರು ಮುಂದಕ್ಕೆ ಹೆಜ್ಜಿ ಇಡಂಗಿಲ್ಲ!"

ಮಾತು ನಿಜವೇ. ಯಾರ ಮನೆಯಿಂದಾದರೂ ಕೀರ್ತನೆ ಕೇಳಿದರೆ ಅಯ್ನೋರು ಸೈಕಲ್ ಇಳಿದು, ಕಡೆಯ ಚರಣ ಮುಗಿಯುವವರೆಗೂ ಬೀದಿಯಲ್ಲೇ ನಿಲ್ಲುತ್ತಿದ್ದರು. ಸೋದರಮಾವ ಹಾರ್ಮೋನಿಯಂ ಮೇಲೆ ಬಿದ್ದ. ಎಲ್ಲರೂ ಒಟ್ಟಿಗೆ ಬಾಯಿಬಿಟ್ಟೆವು. ಆ ದಿನದಷ್ಟು ಮನಸ್ಸಿಟ್ಟು ನಮ್ಮ ಸಭೆ ಎಂದೂ ಹಾಡಿಲ್ಲ; ಆ ದಿನದಷ್ಟು ಕೆಟ್ಟದಾಗಿಯೂ ಹಾಡಿಲ್ಲ. ಒಬ್ಬೊಬ್ಬರದು ಒಂದೊಂದು ಶ್ರುತಿ. ಟ್ರ್ಯಾಕ್ಟರಿನ ರೈತ ಬೆಚ್ಚಿ ಬ್ರೇಕು ಒತ್ತಿದ.

ದೂರದಲ್ಲಿ ಸ್ಕೂಟರು ನಿಂತಿತು. ಅಯ್ನೋರು ಇಳಿದು, ರಸ್ತೆಯ ಮಧ್ಯೆ, ನಮ್ಮ ಕಡೆ ತಿರುಗಿ ನೆಟ್ಟಗೆ ನಿಂತರು. ಆ ಅಪಸ್ವರ ತಮ್ಮ ಸಭೆಯದಲ್ಲದೆ ಬೇರೆ ಯಾರದೂ ಆಗಿರಲು ಸಾಧ್ಯವಿಲ್ಲವೆಂದು ಅವರಿಗೆ ಖಾತ್ರಿಯಾಗಿತ್ತಂತೆ.

ಮಾವ ಸ್ಕೂಟರು ತಿರುಗಿಸಿ ಟ್ರೇಲರಿನ ಪಕ್ಕಕ್ಕೆ ತಂದು ನಿಲ್ಲಿಸಿದರು. "ಏನ್ರಿ ಅಳಿಯಂದಿರೇ, ರೈಲು ಬ್ಯಾಸರ ಆತೇನು? ನನ್ನ ಮಗಳು ಸೀರಿ ಉಟ್ಕೊಂಡು ಚರ್ಚಿನ ಬಾಗಲದಾಗ ನಿಂತಾಳೆ. ಇವತ್ತೂ ಬರಲಿಲ್ಲಂದ್ರೆ ಆತು ಬಿಡಪ್ಪ, ಆ ಇನ್ನೊಂದು ಮನಿಯೋರಿಗೆ ಹೇಳಿಬಿಡು ಅಂತ ಅಂದು ಕಳಿಸ್ಯಾಳೆ!"

"ಎಂಥದು ಮಾಡಿದ್ದು ನೀವು? ಯಾಕೆ ಇಳಿದದ್ದು?" ಎಂದರು ಅಯ್ನೋರು.

ಅವ್ವ ಟ್ರೇಲರಿನಲ್ಲೇ ಎದ್ದು ನಿಂತು ಕೈಮುಗಿದಳು. "ನೀವು ಇಳಿದ್ರಿ ಅಯ್ನೋರೇ, ನಾವೂ ಇಳಿದ್ವಿ."

"ನಾನು ಇಳಿದದ್ದು ಪಕ್ಕದ ಡಬ್ಬಿ ಹತ್ತಲಿಕ್ಕೆ."

"ಇಳಿದಿದ್ದು ಕಾಣ್ತು. ಹತ್ತಿದ್ದು ಕಾಣಲಿಲ್ಲ."

ಅಯ್ನೋರು ಗಡಿಯಾರ ನೋಡಿದರು. ಆರು ದಾಟಿತ್ತು. "ಸರಿ. ನೀವು ಮುಂದೆ ಹೋಗಿ. ನಾನು ಹಿಂದಿನಿಂದ ಬರುತ್ತೇನೆ."

ಅವ್ವ ಅಲುಗಲಿಲ್ಲ. "ನಿಮ್ಮ ಮುಂದೆ ನಾವು ಹೋಗೋದೇನ್ರಿ?"

"ನಾನು ಮುಂದೆ ಹೋಗಿ, ದಾರಿಯಲ್ಲಿ ಕನ್ನಡಕ ಒರೆಸಲು ನಿಂತರೂ ನೀವೆಲ್ಲ ಇಳಿದುಬಿಡುತ್ತೀರಿ. ಬೇಡ."

"ಅದು ಮರ್ಯಾದಿ ಅಲ್ಲ ಅಯ್ನೋರೇ."

ನನಗೆ ಅಳು ಬರುವುದೊಂದು ಬಾಕಿ. ಹೆಣ್ಣು ಬಾಗಿಲಲ್ಲಿ, ಕಾನೂನು ಗಡಿಯಾರದಲ್ಲಿ. ಇಲ್ಲಿ ನಡುರಸ್ತೆಯಲ್ಲಿ ಮರ್ಯಾದೆಯ ತೀರ್ಮಾನ ಆಗಬೇಕಾಗಿತ್ತು. ಆಗ ಅಯ್ನೋರು ಟ್ರೇಲರಿನ ಹತ್ತಿರ ಬಂದರು. ದನಿ ತಗ್ಗಿತ್ತು, ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತು ಮಾತಾಡುತ್ತಿದ್ದ ದನಿ.

"ಅಮ್ಮಾ, ಇಷ್ಟು ವರ್ಷ ನೀವು ನನಗೆ ಮರ್ಯಾದೆ ಕೊಟ್ಟಿದ್ದೀರಿ. ನನ್ನ ಯೋಗ್ಯತೆಗೆ ಮೀರಿ ಕೊಟ್ಟಿದ್ದೀರಿ. ಎದ್ದು ನಿಂತವರು ಬಹಳ ಜನ. ಹೇಳಿದ್ದನ್ನು ಕೇಳಿದವರು ಕಡಿಮೆ. ಇವತ್ತು ಮರ್ಯಾದೆ ಬೇಡ. ಮಾತು ಕೇಳಿ. ನಿಮ್ಮ ಮಗನ ಮದುವೆ ಮಾಡಿಸಬೇಕು ನಾನು."

ಅವ್ವನ ಕಣ್ಣಲ್ಲಿ ನೀರು ಬಂತು. ಆಮೇಲೆ, ನನಗೆ ತಿಳಿವಳಿಕೆ ಬಂದಾಗಿನಿಂದ ಮೊದಲ ಬಾರಿಗೆ, ಅಯ್ನೋರು ನಿಂತಿರುವಾಗಲೇ ಅವಳು ಕೂತಳು. "ನಡಿಯಪ್ಪಾ, ಹೊಡಿ ಗಾಡಿ" ಅಂದಳು ರೈತನಿಗೆ.

ಆದರೆ ಸಂಧಾನದಲ್ಲಿ ಒಂದು ಅಂಶ ಅವಳು ಉಳಿಸಿಕೊಂಡಿದ್ದಳು. ಮುಂದೆ ಹೋಗಲು ಒಪ್ಪಿದ್ದಳೇ ಹೊರತು ಬೆನ್ನು ತೋರಿಸಲು ಒಪ್ಪಿರಲಿಲ್ಲ. ಟ್ರೇಲರಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಳು. ನಾವೆಲ್ಲರೂ ಹಾಗೆಯೇ ತಿರುಗಿ ಕೂರಬೇಕಾಯಿತು. ಹೀಗಾಗಿ ನನ್ನ ದಿಬ್ಬಣ ಹರಿಹರವನ್ನು ಪ್ರವೇಶಿಸಿದ್ದು ಹಿಮ್ಮುಖವಾಗಿ. ಮುಂದೆ ಟ್ರ್ಯಾಕ್ಟರ್, ಟ್ರೇಲರಿನಲ್ಲಿ ಕೈಮುಗಿದು ಹಿಂದೆ ನೋಡುತ್ತಿರುವ ಜನ, ಹಿಂದೆ ಹೊಗೆ ಕುಡಿಯುತ್ತ ಸ್ಕೂಟರಿನ ಮೇಲೆ ಅಯ್ನೋರು, ನಮ್ಮಲ್ಲಿ ಯಾರಾದರೂ ಇಳಿದಾರೋ ಎಂದು ಕಣ್ಣು ಮಿಟುಕಿಸದೆ ಕಾಯುತ್ತಾ. ಬಜಾರಿನ ಜನ ಅಂಗಡಿಗಳಿಂದ ಹೊರಬಂದು ನೋಡಿದರು. ಬೀದಿಯ ದೀಪಗಳು ಹತ್ತುತ್ತಿದ್ದವು. ಮೊದಲು ರೈತ ದಾರಿ ಬಿಡಿಸಲು ಹಾರನ್ ಬಾರಿಸಿದ, ಆಮೇಲೆ ಖುಷಿಗೆ ಬಾರಿಸಿದ, ಆಮೇಲೆ ನಿಲ್ಲಿಸಲೇ ಇಲ್ಲ.

ಚರ್ಚಿನ ಗೇಟಿನಲ್ಲಿ ಹುಡುಗಿ ನಿಂತಿದ್ದಳು, ಬಿಳಿ ಸೀರೆ, ತಲೆಯ ಮೇಲೆ ಮುಸುಕು, ಮುಖ ಕೆಂಪು. ಅವಳಿಗೆ ಮೊದಲು ಕಂಡದ್ದು ಹೊಟ್ಟು ಮೆತ್ತಿದ ನನ್ನ ಬೆನ್ನು.

"ಈ ಕಡೆ ತಿರುಗ್ರಿ" ಅಂದಳು. "ಬೆನ್ನು ನೋಡಿ ಒಪ್ಪಿಕೊಂಡಿಲ್ಲ ನಾ."

ತಿರುಗಿದೆ. ಅವಳು ಸೀರೆಯ ಸೆರಗಿನಿಂದಲೇ ನನ್ನ ಕೋಟು ಕೊಡವಿದಳು. ಅದನ್ನು ಕಂಡು ಅವಳ ತಾಯಿ ತಲೆ ಚಚ್ಚಿಕೊಂಡರು. ಅಷ್ಟರಲ್ಲಿ ಅಯ್ನೋರು ಓಡುತ್ತಲೇ ನಿಲುವಂಗಿ ಹಾಕಿಕೊಂಡಿದ್ದರು. ಒಂದು ತೋಳು ಹೊಕ್ಕಿತ್ತು, ಇನ್ನೊಂದು ದಾರಿ ಹುಡುಕುತ್ತಿತ್ತು. ಟ್ರ್ಯಾಕ್ಟರಿನ ರೈತನೂ ಒಳಗೆ ಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಹಿಂದಿನ ಬೆಂಚಿನ ಹತ್ತಿರ ನಿಂತ. ಅಯ್ನೋರು ಪೀಠದ ಬಳಿ ನಿಂತಿದ್ದರಿಂದ ಕೂರಬಹುದೋ ಕೂಡದೋ ಎಂದು ಅವ್ವನ ಕಡೆ ನೋಡಿದ.

ಎಲ್ಲರೂ ನಿಂತೇ ಇದ್ದೆವು. ಅಯ್ನೋರು ನಮ್ಮನ್ನೊಮ್ಮೆ ನೋಡಿ, "ಎಲ್ಲರೂ ಕುಳಿತುಕೊಳ್ಳಿ. ನಾನು ನಿಂತಿರುತ್ತೇನೆ. ನಾನು ಎಲ್ಲಿಗೆ ಹೋದರೂ ನೀವು ಏಳಬೇಡಿ" ಅಂದರು. ಕೂತೆವು. ಪ್ರಸಂಗದ ಹಾಳೆ ಅವರ ಚೀಲದಿಂದ ಹೊರಬರಲೇ ಇಲ್ಲ. ಪ್ರಶ್ನೆ ಕೇಳಿದರು, ನಾನು ಹೌದು ಅಂದೆ, ಅವಳೂ ಹೌದು ಅಂದಳು, ನನಗಿಂತ ಗಟ್ಟಿಯಾಗಿ. ಉಂಗುರ ಹಾಕಿದೆವು, ತಾಳಿ ಕಟ್ಟಿದೆ, ಸೋದರಮಾವ ಬಾರಿಸಿದ.

ಸಾಕ್ಷಿಗಳು ಸಹಿ ಹಾಕಿದಾಗ ಏಳಕ್ಕೆ ಹತ್ತು ನಿಮಿಷವಿತ್ತು. ಮದುವೆ ಕಾನೂನಿನ ಪ್ರಕಾರ ಆಯಿತು.